‘ಸಾಕು’ ಎನ್ನುವ ಕೈ

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಎಂಟು ಜನ ಒಂದು ಪಂಜರದೊಳಗೆ ಕಾದಾಡಲು ಒಪ್ಪಿಕೊಂಡರು. ಅವರಲ್ಲಿ ಬಾಕ್ಸರ್ ಇದ್ದ, ಸುಮೋ ಆಡಿದವನಿದ್ದ, ಕರಾಟೆಯವನಿದ್ದ, ಜುಜುತ್ಸು ಕಲಿತವನಿದ್ದ. ಯಾವ ವಿದ್ಯೆ ದೊಡ್ಡದು ಎಂಬ ಪ್ರಶ್ನೆಗೆ ಅಂದು ಉತ್ತರ ಸಿಗಬೇಕಿತ್ತು. ತೂಕದ ವರ್ಗಗಳಿರಲಿಲ್ಲ, ಅಂಕ ಕೊಡುವವರಿರಲಿಲ್ಲ. ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು ಎಂಬುದನ್ನು ಬಿಟ್ಟರೆ ಕಟ್ಟುಪಾಡುಗಳು ಕಡಿಮೆ. ಗೆದ್ದವನಿಗೆ 50,000 ಡಾಲರ್. ‘ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್’ ಎಂದು ಇಂದು ಜಗತ್ತೆಲ್ಲ ನೋಡುವ ಆಟ ಶುರುವಾದದ್ದು ಹೀಗೆ.

ಆ ರಾತ್ರಿಯ ಕಾಳಗಗಳನ್ನು ನಾನು ಮೊದಲು ನೋಡಿದ್ದು 1998ರ ಸುಮಾರಿಗೆ, ಗಂಗಾವತಿಯ ನಮ್ಮ ಮನೆಯಲ್ಲಿ. ಸೌದಿಯಲ್ಲಿ ದುಡಿಯುತ್ತಿದ್ದ ಸಂಬಂಧಿಯೊಬ್ಬರು ರಜೆಗೆ ಬರುವಾಗ ಕ್ಯಾಸೆಟ್ ತಂದಿದ್ದರು. ಓಣಿಯ ಹುಡುಗರೆಲ್ಲ ಟಿ.ವಿ. ಮುಂದೆ ಕುಳಿತಿದ್ದೆವು. ಕೇಬಲ್ಲಿನಲ್ಲಿ ಬರುತ್ತಿದ್ದ ಡಬ್ಲ್ಯೂಡಬ್ಲ್ಯೂಎಫ್ ನೋಡಿ ಬೆಳೆದವರು ನಾವು. ಅಲ್ಲಿ ಕುರ್ಚಿಯಲ್ಲಿ ಹೊಡೆಸಿಕೊಂಡವನು ಮರುವಾರ ನಗುತ್ತ ಬರುತ್ತಿದ್ದ. ಇಲ್ಲಿ ಮೊದಲ ಪಂದ್ಯದಲ್ಲೇ ಹಾಲೆಂಡಿನ ಗೆರಾರ್ಡ್ ಗೋರ್ಡೋ, ಕೆಳಗೆ ಬಿದ್ದ ಟೈಲಾ ಟುಲಿಯ ಮುಖಕ್ಕೆ ಒದ್ದ. ಹಲ್ಲು ಹಾರಿ ಪ್ರೇಕ್ಷಕರ ಕಡೆ ಹೋಯಿತು. ಅರ್ಧ ನಿಮಿಷದೊಳಗೆ ಪಂದ್ಯ ಮುಗಿದಿತ್ತು. ಹುಡುಗರು ಹೋ ಎಂದು ಕೂಗಿದರು. ಮಂಚದ ಮೇಲೆ ಕುಳಿತಿದ್ದ ದಾದಾ ಮುಖ ತಿರುಗಿಸಿಕೊಂಡರು.

ದಾದಾ ಯಲಬುರ್ಗಾ ಕಡೆಯ ಹಳ್ಳಿಯವರು. ಮಳೆ ನಂಬಿದ ಜೋಳದ ಹೊಲ ಬಿಟ್ಟು, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಗಂಗಾವತಿಗೆ ಬಂದು ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿದವರು. ಪ್ರಾಯದಲ್ಲಿ ಗರಡಿಮನೆಯ ಮಣ್ಣು ಮೈಗೆ ಹಚ್ಚಿಕೊಂಡವರು. ಮನೆಯಲ್ಲಿ ನಾವು ಆಡುವುದು ದಖ್ಖನಿ. ಆದರೆ ಕುಸ್ತಿಯ ಮಾತು ಬಂದರೆ ದಾದಾ ತಾವಾಗಿಯೇ ಕನ್ನಡಕ್ಕೆ ಹೊರಳುತ್ತಿದ್ದರು. ಅವರು ಕುಸ್ತಿ ಕಲಿತದ್ದು ಆ ಭಾಷೆಯಲ್ಲಿ. ಬಿಳಿ ಅಂಗಿಯ ತೆಳ್ಳಗಿನ ಬ್ರೆಜಿಲ್ ಹುಡುಗ ರಾಯ್ಸ್ ಗ್ರೇಸಿ ಪಂಜರಕ್ಕೆ ಬಂದು, ಎದುರಾಳಿಯ ಸೊಂಟ ಹಿಡಿದು ಕೆಡವಿದಾಗ ದಾದಾ ಮತ್ತೆ ಟಿ.ವಿ. ಕಡೆ ತಿರುಗಿದರು. “ಇಂವಾ ಹೊಡಿಯಾಕ ಬಂದಿಲ್ಲ, ಹಿಡಿಯಾಕ ಬಂದಾನ. ಇಂವನ ಪೈಲ್ವಾನ” ಎಂದರು.

ಸುಮಾರು 80 ಕಿಲೋ ತೂಗುತ್ತಿದ್ದ ಗ್ರೇಸಿ ಅಂದು ರಾತ್ರಿ ಮೂವರನ್ನು ಸೋಲಿಸಿ ಗೆದ್ದ. ಇತ್ತೀಚೆಗೆ ಅಣ್ಣನ ಮಗನ ಮೊಬೈಲಿನಲ್ಲಿ ಅವೇ ಪಂದ್ಯಗಳನ್ನು ಮತ್ತೆ ನೋಡಿದೆ. ಹತ್ತೊಂಬತ್ತರ ಆ ಹುಡುಗ ಜಿಮ್ಮಿಗೆ ಹೋಗುತ್ತಾನೆ. ಖಬೀಬ್ ನುರ್ಮಗೊಮೆದೋವ್‌ನ ಪಂದ್ಯಗಳೆಲ್ಲ ಅವನಿಗೆ ಬಾಯಿಪಾಠ. ದಾಗೆಸ್ತಾನದ ಆ ಕುಸ್ತಿಪಟು 29 ಪಂದ್ಯಗಳಲ್ಲಿ ಒಂದನ್ನೂ ಸೋಲದೆ, ತಂದೆ ತೀರಿಕೊಂಡ ವರ್ಷವೇ, 2020ರಲ್ಲಿ, ನಿವೃತ್ತನಾದ. ‘ಹಳೆಯದನ್ನು ನೋಡು’ ಎಂದು ಹುಡುಗನಿಗೆ ಹೇಳಿ ಜೊತೆಗೆ ಕುಳಿತೆ. ಈ ಸಲ ನನ್ನ ಕಣ್ಣು ಹೋದದ್ದು ಏಟುಗಳ ಕಡೆಗಲ್ಲ, ಸೋತವರ ಕೈಗಳ ಕಡೆಗೆ.

ಈ ಆಟದಲ್ಲಿ ಸೋಲೊಪ್ಪುವ ರೀತಿ ಬಲು ಸರಳ. ನೆಲವನ್ನೋ ಎದುರಾಳಿಯ ಮೈಯನ್ನೋ ಕೈಯಿಂದ ಎರಡು ಮೂರು ಸಲ ತಟ್ಟಿದರೆ ಸಾಕು. ತಟ್ಟಿದೊಡನೆ ಹಿಡಿತ ಸಡಿಲಬೇಕು. ಗ್ರೇಸಿಯ ಮೊದಲ ಎದುರಾಳಿ ಬಾಕ್ಸರ್ ಆರ್ಟ್ ಜಿಮರ್ಸನ್ ಒಂದೇ ಕೈಗೆ ಗವುಸು ಹಾಕಿಕೊಂಡು ಬಂದಿದ್ದ. ಗ್ರೇಸಿ ಎದೆಯ ಮೇಲೆ ಕೂರುತ್ತಲೇ ಇಲ್ಲಿ ತನ್ನ ವಿದ್ಯೆ ನಡೆಯದು ಎಂದು ತಿಳಿದು ನೆಲ ತಟ್ಟಿದ. ಓಣಿಯ ಹುಡುಗರು ಅಂದು ನಕ್ಕಿದ್ದರು. ಆದರೆ ಅವನು ಬಂದ ಹಾಗೆಯೇ ಗಾಯವಿಲ್ಲದೆ ಎದ್ದು ಹೋದ. ಎರಡನೆಯವನು ಕೆನ್ ಶಾಮ್ರಾಕ್. ಕುತ್ತಿಗೆ ಬಿಗಿದಾಗ ಆತ ನೆಲ ತಟ್ಟಿದ, ಗ್ರೇಸಿ ಬಿಟ್ಟ. ರೆಫರಿ ಅದನ್ನು ನೋಡಿರಲಿಲ್ಲ, ಮುಂದುವರಿಸಿ ಎಂದ. ಶಾಮ್ರಾಕ್ ಸುಮ್ಮನಿದ್ದಿದ್ದರೆ ಪಂದ್ಯ ಉಳಿಯುತ್ತಿತ್ತು. ಆದರೆ ಆತ ತಾನು ತಟ್ಟಿದ್ದು ನಿಜ ಎಂದು ಒಪ್ಪಿಕೊಂಡ. ಮೂರನೆಯವನು ಗೋರ್ಡೋ. ಅವನು ಕಿವಿ ಕಚ್ಚಿದ ಎಂಬ ಸಿಟ್ಟಿಗೆ, ಅವನು ತಟ್ಟಿದ ಮೇಲೂ ಗ್ರೇಸಿ ಒಂದೆರಡು ಕ್ಷಣ ಹೆಚ್ಚು ಹಿಡಿದುಕೊಂಡ. ಒಂದೇ ರಾತ್ರಿ, ಮೂರು ಕೈ. ಒಂದು ಕೈಯ ಮಾತನ್ನು ಎದುರಾಳಿ ಕೂಡಲೇ ಕೇಳಿದ. ಇನ್ನೊಂದರ ಮಾತನ್ನು ಸೋತವನೇ ಉಳಿಸಿಕೊಂಡ. ಮೂರನೆಯದನ್ನು ಸಿಟ್ಟು ಒಂದು ಗಳಿಗೆ ಕಿವುಡಾಗಿಸಿತು. ಮನುಷ್ಯನ ಹೊಡೆದಾಟದ ಕಥೆಯೆಲ್ಲ ಈ ಮೂರರಲ್ಲಿ ಇದೆ ಎನಿಸಿತು.

ಇದು ನಮ್ಮ ಸೀಮೆಗೆ ಹೊರಗಿನದು ಎಂದು ತಿಳಿಯಬೇಕಿಲ್ಲ. ಗಂಗಾವತಿ ತಾಲೂಕಿನ ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ. ಅಲ್ಲಿನ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಜಟ್ಟಿಗಳ ಕೆತ್ತನೆಗಳಿವೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ಕುಸ್ತಿಯನ್ನು ಕಂಡು ಬರೆದಿಟ್ಟಿದ್ದಾನೆ. ಇದು ನಮ್ಮ ದೇಶದ ಕುಸ್ತಿಯಂತಲ್ಲ, ಇಲ್ಲಿ ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ ಗುದ್ದುತ್ತಾರೆ, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಾರೆ ಎಂಬುದು ಅವನ ವರದಿಯ ಸಾರ. ಡೆನ್ವರಿನ ಹಲ್ಲು ನಮ್ಮ ಹೊಳೆದಂಡೆಯಲ್ಲಿ ನಾನೂರೆಪ್ಪತ್ತು ವರ್ಷ ಮೊದಲೇ ಹಾರಿತ್ತು! ಆದರೆ ಅದೇ ಪಾಯಸ್ ಇನ್ನೊಂದನ್ನೂ ಗಮನಿಸಿದ. ಅಲ್ಲಿ ಮುಖಂಡರೂ ತೀರ್ಪುಗಾರರೂ ಇದ್ದರು. ಇಬ್ಬರನ್ನೂ ಸರಿಸಮನಾಗಿ ನಿಲ್ಲಿಸುವುದು, ಗೆದ್ದವನಿಗೆ ಮರ್ಯಾದೆ ಸಲ್ಲಿಸುವುದು ಅವರ ಕೆಲಸ. ಕೃಷ್ಣದೇವರಾಯನೂ ಬೆಳಗ್ಗೆ ಎಣ್ಣೆ ಕುಡಿದು, ಸಾಮು ಮಾಡಿ, ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದ ಎಂದು ಅವನೇ ಹೇಳುತ್ತಾನೆ. ತರುವಾಯ ಬಂದ ನೂನಿಜ್, ಅರಮನೆಯಲ್ಲಿ ಕುಸ್ತಿ ಮಾಡುವ ಹೆಂಗಸರೂ ಇದ್ದರು ಎಂದಿದ್ದಾನೆ. 2024ರಲ್ಲಿ ಪೂಜಾ ತೋಮರ್ ಅಮೆರಿಕದ ಈ ಸ್ಪರ್ಧೆಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಎನಿಸಿಕೊಂಡಾಗ ಹುಬ್ಬೇರಿಸಿದವರು ಇದನ್ನು ಓದಬೇಕು.

ಮೈಸೂರಿನ ದಸರಾದಲ್ಲಿ ವಿಜಯದಶಮಿಯ ದಿನ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡು, ಬೆರಳಿಗೆ ಮುಳ್ಳಿನ ಆಯುಧ ತೊಟ್ಟು ಕಾದುತ್ತಾರೆ. ಒಬ್ಬನ ಮೈಯಿಂದ ರಕ್ತದ ಮೊದಲ ಹನಿ ಚಿಮ್ಮಿದರೆ ಮುಗಿಯಿತು. ಅಷ್ಟು ಕ್ರೂರವಾಗಿ ಕಾಣುವ ಕಾಳಗಕ್ಕೂ ಹಿರಿಯರು ಇಟ್ಟ ಗೆರೆ ಒಂದೇ ಹನಿ.

ನಮ್ಮ ಮಣ್ಣಿನ ಕುಸ್ತಿಯ ಗೆರೆ ಇನ್ನೂ ಮೃದು. ಬೆನ್ನು ಮಣ್ಣಿಗೆ ತಾಗಿದರೆ ಚಿತ್. ಯಾರ ಮೂಳೆಯೂ ಮುರಿಯಬೇಕಿಲ್ಲ. ಕೊಪ್ಪಳ, ಕುಷ್ಟಗಿ ಕಡೆಯ ಜಾತ್ರೆಗಳಲ್ಲಿ ಹುಡುಗರ ಕುಸ್ತಿ ತೆಂಗಿನಕಾಯಿಗೆ ಶುರುವಾಗಿ, ಕೊನೆಯ ಜೋಡಿ ಬೆಳ್ಳಿ ಕಡಗಕ್ಕೆ ಹಿಡಿಯುತ್ತಿತ್ತು ಎಂದು ದಾದಾ ಹೇಳುತ್ತಿದ್ದರು. ಗರಡಿಯ ಗೂಡಿನಲ್ಲಿ ಹನುಮಂತ ಇರುತ್ತಿದ್ದ; ಕಲಿಸುವವನನ್ನು ಎಲ್ಲರೂ ಉಸ್ತಾದ ಎನ್ನುತ್ತಿದ್ದರು. ಕುಸ್ತಿ, ಪೈಲ್ವಾನ, ಉಸ್ತಾದ, ಇವು ಪಾರಸಿಯಿಂದ ಬಂದ ಮಾತುಗಳು. ಗರಡಿ, ಸಾಮು, ಪಟ್ಟು ನಮ್ಮ ನೆಲದವು. ಒಂದನ್ನು ತೆಗೆದರೆ ಇನ್ನೊಂದಕ್ಕೆ ಅರ್ಥವಿಲ್ಲ ಎನ್ನುವಷ್ಟು ಅವು ಕಲೆತಿವೆ. ಇದನ್ನು ಸೌಹಾರ್ದ ಎಂದು ಯಾರೂ ಭಾಷಣ ಮಾಡುತ್ತಿರಲಿಲ್ಲ. ಎದುರಿಗೆ ಜೋಡಿ ಇಲ್ಲದೆ ಕುಸ್ತಿಯಿಲ್ಲ. ಜೋಡಿ ಯಾವ ಓಣಿಯವನಾದರೇನು?

ದಾದಾ ಗಾಮಾ ಪೈಲ್ವಾನನ ಕಥೆಯನ್ನು ಬಲು ಇಷ್ಟಪಟ್ಟು ಹೇಳುತ್ತಿದ್ದರು. 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಜ್ಬಿಸ್ಕೊ, ಗಾಮಾನ ಹಿಡಿತಕ್ಕೆ ಹೆದರಿ ಎರಡೂವರೆ ಗಂಟೆ ನೆಲ ಕಚ್ಚಿ ಮಲಗಿದ. ಪಂದ್ಯ ಇತ್ಯರ್ಥವಾಗಲಿಲ್ಲ; ವಾರದ ನಂತರದ ಮರುಪಂದ್ಯಕ್ಕೆ ಅವನು ಬರಲೇ ಇಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಮತ್ತೆ ಎದುರಾದಾಗ ಒಂದು ನಿಮಿಷದೊಳಗೆ ಚಿತ್ ಆದ. ಗಾಮಾನ ತಮ್ಮ ಇಮಾಮ್ ಬಕ್ಷನ ಮಗ ಅಕ್ರಮ್, 1976ರ ಡಿಸೆಂಬರಿನಲ್ಲಿ ಕರಾಚಿಯಲ್ಲಿ ಜಪಾನಿನ ಇನೊಕಿಯನ್ನು ಎದುರಿಸಿದ. ಅದೇ ವರ್ಷ ಜೂನ್ 26ರಂದು ಟೋಕಿಯೊದಲ್ಲಿ ಮುಹಮ್ಮದ್ ಅಲಿಯ ಎದುರು ಹದಿನೈದು ಸುತ್ತು ಹೆಚ್ಚುಕಡಿಮೆ ನೆಲದ ಮೇಲೆ ಮಲಗಿಯೇ ಕಾಲಿಗೆ ಒದೆಯುತ್ತ ಪಂದ್ಯ ಸಮ ಮಾಡಿಕೊಂಡವನು ಈ ಇನೊಕಿ. ಕರಾಚಿಯಲ್ಲಿ ಅವನು ಅಕ್ರಮನ ತೋಳನ್ನು ತಿರುಚಿ ಹಿಡಿದ. ಮನೆತನದ ಹೆಸರು ಬೆನ್ನ ಮೇಲಿದ್ದ ಅಕ್ರಮ್ ಸೋಲೊಪ್ಪಲಿಲ್ಲ; ತೋಳು ಹೋಯಿತು, ಪಂದ್ಯ ನಿಂತಿತು. ಗ್ರೇಸಿ ಮನೆತನಕ್ಕೂ ಇಂಥದೇ ಅನುಭವವಿದೆ. 1951ರಲ್ಲಿ ರಿಯೋದಲ್ಲಿ ರಾಯ್ಸನ ತಂದೆ ಹೇಲಿಯೊ, ಜಪಾನಿನ ಕಿಮುರಾನ ಹಿಡಿತದಲ್ಲಿ ಸಿಕ್ಕಿಬಿದ್ದ. ಅವನ ಕಡೆಯವರೇ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಮಗ ರಾಯ್ಸ್ ಕೂಡ 1994ರಲ್ಲಿ, ಮೂರನೇ ಸ್ಪರ್ಧೆಯ ಮೊದಲ ಪಂದ್ಯ ಗೆದ್ದು ಬಳಲಿ ನಿಂತಾಗ, ಎರಡನೆಯದು ಶುರುವಾಗುವ ಮೊದಲೇ ಮನೆಯವರು ಟವೆಲ್ ಎಸೆದರು. ತಾನಾಗಿ ‘ಸಾಕು’ ಎನ್ನಲಾರದವನ ಪರವಾಗಿ ‘ಸಾಕು’ ಎನ್ನುವವರು ಒಬ್ಬರು ಬೇಕು. ಗರಡಿಯಲ್ಲಿ ಆ ಕೆಲಸ ಉಸ್ತಾದನದು.

ಅಮೆರಿಕದ ಆಟವೂ ಈ ಪಾಠವನ್ನು ಕಲಿತೇ ಉಳಿದುಕೊಂಡಿತು. ಇದು ಮನುಷ್ಯರ ಕೋಳಿ ಅಂಕ ಎಂದು ಸೆನೆಟರ್ ಜಾನ್ ಮೆಕೇನ್ ಜರೆದರು. ಹಲವು ರಾಜ್ಯಗಳು ನಿಷೇಧಿಸಿದವು. 1994ರಲ್ಲಿ ರೆಫರಿಗೆ ಪಂದ್ಯ ನಿಲ್ಲಿಸುವ ಅಧಿಕಾರ ಬಂತು. 1997ರಲ್ಲಿ ತೂಕದ ವರ್ಗಗಳು, ಗವುಸು ಬಂದವು. ಕೆಳಗೆ ಬಿದ್ದವನ ತಲೆಗೆ ಒದೆಯುವುದು ನಿಂತಿತು. ನಿಯಮ ಬಂದರೆ ಆಟ ಸಾಯುತ್ತದೆ ಎಂದವರಿದ್ದರು. ನಿಯಮದಿಂದಲೇ ಅದು ಬದುಕಿತು.

ಇಷ್ಟೆಲ್ಲ ನೋಡಿ ಮುಗಿದ ಮೇಲೆ ಅಣ್ಣನ ಮಗ ಅದೇ ಮೊಬೈಲಿನಲ್ಲಿ ಇನ್ನೊಂದು ವೀಡಿಯೊ ತೋರಿಸಿದ. ಯಾರೋ ಅವನಿಗೆ ಕಳಿಸಿದ್ದು. ಯಾವುದೋ ಊರು, ಯಾವುದೋ ಬೀದಿ. ಒಬ್ಬನನ್ನು ಹತ್ತು ಜನ ಹೊಡೆಯುತ್ತಿದ್ದಾರೆ. ಸುತ್ತ ನಿಂತವರ ಕೈಯಲ್ಲೂ ಮೊಬೈಲ್. “ಎಲ್ಲಾ ಹೊಡೆದಾಟಾನ ಅಲ್ಲೇನು ಚಾಚಾ, ಪಂಜರದಾಗಾದರೇನು, ಬೀದ್ಯಾಗಾದರೇನು?” ಎಂದು ಕೇಳಿದ.

ಆ ಪ್ರಶ್ನೆ ನನ್ನ ನಿದ್ದೆ ಕೆಡಿಸಿತು. ಏಕೆಂದರೆ ಇಂದಿನ ಹುಡುಗರ ಕಣ್ಣಿಗೆ ಎರಡೂ ಒಂದೇ ಗಾಜಿನ ಮೇಲೆ, ಒಂದೇ ಬೆರಳಿನ ತುದಿಯಲ್ಲಿ ಬರುತ್ತಿವೆ. ನಾನು ಅವನಿಗೆ ಹೇಳಿದೆ: “ಆ ಮನುಷ್ಯಾನ ಕೈ ನೋಡು.” ವೀಡಿಯೊದಲ್ಲಿ ಆತ ಎರಡೂ ಕೈ ಜೋಡಿಸಿದ್ದ. ಪಂಜರದೊಳಗೆ ಒಂದು ಕೈ ಎರಡು ಸಲ ನೆಲ ತಟ್ಟಿದರೆ ನೂರು ಕಿಲೋ ತೂಗುವ ಮಲ್ಲನೂ ಬಿಡುತ್ತಾನೆ. ಇಲ್ಲಿ ಎರಡು ಕೈ ಮುಗಿದರೂ ಹತ್ತು ಜನರಲ್ಲಿ ಒಬ್ಬನೂ ಬಿಡಲಿಲ್ಲ. ಅಲ್ಲಿ ಇಬ್ಬರೂ ಒಪ್ಪಿ ಬಂದವರು, ಒಬ್ಬನಿಗೆ ಒಬ್ಬನೇ. ಇಲ್ಲಿ ಒಪ್ಪಿಗೆಯಿಲ್ಲ, ಜೋಡಿಯಿಲ್ಲ, ರೆಫರಿಯಿಲ್ಲ, ಟವೆಲ್ ಎಸೆಯುವವನೂ ಇಲ್ಲ. ಇದನ್ನು ಹೊಡೆದಾಟ ಎಂದರೆ ಹೊಡೆದಾಟಕ್ಕೆ ಅವಮಾನ. ಹೊಡೆಸಿಕೊಂಡವನು ಯಾವ ಜಾತಿ, ಯಾವ ಧರ್ಮದವನು ಎಂದು ತಿಳಿದ ಮೇಲೆ ಮರುಕಪಡಬೇಕೋ ಬೇಡವೋ ಎಂದು ತೀರ್ಮಾನಿಸುವ ಕಾಲಕ್ಕೆ ನಾವು ಬಂದಿದ್ದೇವೆ. ಮುಗಿದ ಕೈಗೆ ಧರ್ಮವಿಲ್ಲ ಎಂಬುದನ್ನು ಮಕ್ಕಳಿಗೆ ಕಲಿಸುವವರು ಯಾರು?

ಜಿಮ್ಮುಗಳು ನಮ್ಮ ಊರುಗಳಿಗೂ ಬಂದಿವೆ. ಬರಲಿ, ಮೈ ಬೆಳೆಯಲಿ. ಆದರೆ ಜಿಮ್ಮಿನಲ್ಲಿ ಹುಡುಗನ ಎದುರಿಗೆ ಇರುವುದು ಕನ್ನಡಿ. ಗರಡಿಯಲ್ಲಿ ಎದುರಿಗೆ ಇದ್ದದ್ದು ಇನ್ನೊಬ್ಬನ ಮೈ, ಇನ್ನೊಬ್ಬನ ಬೆವರು, ಇನ್ನೊಬ್ಬನ ಉಸಿರು. ಬೇರೆಯವನ ಕುತ್ತಿಗೆಯನ್ನು ದಿನವೂ ಕೈಯಲ್ಲಿ ಹಿಡಿದು, ದಿನವೂ ಜೋಪಾನವಾಗಿ ಬಿಟ್ಟವನಿಗೆ ಅದು ಎಷ್ಟು ಸುಲಭವಾಗಿ ಮುರಿಯುತ್ತದೆ ಎಂಬುದು ಗೊತ್ತಿರುತ್ತದೆ. ನಾಳೆ ಬೀದಿಯಲ್ಲಿ ಗುಂಪು ಸೇರಿದಾಗ ‘ಬಿಡ್ರೋ, ಸಾಕು’ ಎಂದು ಮುಂದೆ ಬರುವ ಧೈರ್ಯ ಇರುವುದು ಅವನಿಗೇ.

ಜಿಲ್ಲೆಯ ಪ್ರತಿ ಊರಿನಲ್ಲೂ ಒಂದು ಗರಡಿಯ ಬಾಗಿಲು ಮತ್ತೆ ತೆರೆಯಲು ದೊಡ್ಡ ಹಣ ಬೇಕಿಲ್ಲ. ನಾಲ್ಕು ಗೋಡೆ, ಎರಡು ಗಾಡಿ ಕೆಮ್ಮಣ್ಣು, ಒಬ್ಬ ಉಸ್ತಾದ, ಬೇರೆ ಬೇರೆ ಓಣಿಗಳ ಹುಡುಗರು. ಮಸೀದಿಯ ಜಮಾಅತಿನ ಹಿರಿಯರೂ ಗುಡಿಯ ಪಂಚರೂ ಕೂಡಿ ಕುಳಿತರೆ ಒಂದು ಸಂಜೆಯ ಮಾತು. ಪಟ್ಟುಗಳನ್ನು ಉಸ್ತಾದ ಆಮೇಲೆ ಕಲಿಸಲಿ. ಮೊದಲ ದಿನದ ಪಾಠ ಒಂದೇ ಇರಲಿ: ಎದುರಿನವನ ಕೈ ತಟ್ಟಿತೆಂದರೆ ಬಿಡು.