ಅವ್ವ ನೀರು ಕುಡಿಯೋದು ಬಿಟ್ಟಿದ್ದಳು

ಹೋದ ವರ್ಷ ಶ್ರಾವಣದಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದಿತ್ತು. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ, ಮೂಳೆಯ ಗುಂಡು ತೆಗೆದು ಲೋಹದ ಗುಂಡು ಕೂಡಿಸಿದರು. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಆರನೇ ದಿನ ಮನೆಗೆ ಕಳಿಸಿದರು.

ಹೊರಡುವಾಗ ಡಾಕ್ಟರು ಮೂರು ಮಾತು ಹೇಳಿದರು. ನೆಲದ ಮೇಲೆ ಕೂರಬಾರದು, ಕುಕ್ಕರಗಾಲಲ್ಲಿ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು. ಹಾಗೆ ಮಾಡಿದರೆ ಹೊಸ ಗುಂಡು ಕೀಲಿನಿಂದ ಜಾರಬಹುದು. ನಾನು ತಲೆಯಾಡಿಸಿದೆ. ವಾಕರ್ ಕೊಂಡಾಗಿತ್ತು, ಗುಳಿಗೆ ತಗೊಂಡಾಗಿತ್ತು. ಇನ್ನೇನು ಬೇಕು ಅಂದುಕೊಂಡೆ.

ಮನೆಗೆ ಬಂದ ಮೇಲೆ ಗೊತ್ತಾಯಿತು, ನಮ್ಮಲ್ಲಿ ಬದುಕೆಲ್ಲ ನೆಲದ ಮೇಲೆಯೇ. ಊಟ, ರೊಟ್ಟಿ ಬಡಿಯೋದು, ಹಾಸಿಗೆ ಎಲ್ಲ ನೆಲದ ಮೇಲೆ. ಪಾಯಖಾನೆ ಹಿತ್ತಲಲ್ಲಿ, ಅದೂ ಕುಕ್ಕರಗಾಲಲ್ಲೇ ಕೂರುವಂಥದ್ದು.

ಪಕ್ಕದ ಮನೆಯಿಂದ ಮಂಚ ತಂದೆವು. ಆಸ್ಪತ್ರೆಯಿಂದ ತಂದ ಬೆಡ್‌ಪ್ಯಾನ್ ಇತ್ತು. ಮೂರನೇ ದಿನ ನನ್ನ ಹೆಂಡತಿ ಅಂದಳು, “ನೋಡ್ರಿ, ಅತ್ತಿ ಮುಂದ ಇಟ್ಟ ತಂಬಿಗಿ ಇಟ್ಟಂಗ ಐತಿ. ನೀರೇ ಕುಡಿಯಾಕತ್ತಿಲ್ಲ.”

ಹೋಗಿ ಕೇಳಿದೆ. ಅವ್ವನ ತುಟಿ ಒಣಗಿತ್ತು. ಎದ್ದರೆ ತಲೆ ತಿರುಗುತ್ತಿತ್ತು.

“ನೀರ್ ಕುಡದ್ರ ಹೋಗಬೇಕಾಕ್ಕೈತಿ ತಮ್ಮಾ. ನಿಮಗ್ಯಾಕ ತ್ರಾಸ?”

ಶೌಚಾಲಯದ ಬಗ್ಗೆ ನಾನು ಎಷ್ಟೋ ಸುದ್ದಿ ಬರೆದಿದ್ದೆ. ನಮ್ಮವ್ವ ಅದರಲ್ಲಿ ಹೇಗೆ ಕೂರುತ್ತಾಳೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಮರುದಿನ ತಾಲ್ಲೂಕಿಗೆ ಹೋಗಿ ಕಮೋಡ್ ಕುರ್ಚಿ ತಂದೆ. ನಡುವೆ ತೂತು, ಕೆಳಗೆ ತೆಗೆಯುವ ಪಾತ್ರೆ, ಎರಡೂ ಕಡೆ ಹಿಡಿಕೆ. ಗಾಲಿ ಇಲ್ಲದ, ಕಾಲಿಗೆ ರಬ್ಬರ್ ಇರುವಂಥದ್ದನ್ನೇ ಆರಿಸಿದೆ, ಜಾರುವುದಿಲ್ಲ. ಮಂಚದ ಪಕ್ಕ ಇಟ್ಟು ಹಳೇ ಸೀರೆಯ ಪರದೆ ಕಟ್ಟಿದೆವು. ಪಾತ್ರೆ ಚೆಲ್ಲುವ ಕೆಲಸ ನನ್ನದು ಅಂದೆ.

“ಗಂಡಸು ಮಾಡೂ ಕೆಲಸೇನೋ ಇದು?”

“ನಾ ಸಣ್ಣಾಂವ ಇದ್ದಾಗ ನಂದು ಯಾರು ಬಳದ್ರಬೇ?”

ಅವ್ವ ಮುಖ ಆ ಕಡೆ ತಿರುಗಿಸಿದಳು. ಸ್ವಲ್ಪ ಹೊತ್ತಾದ ಮೇಲೆ ತಂಬಿಗೆ ಎತ್ತಿಕೊಂಡಳು.

ಉಳಿದದ್ದನ್ನು ಒಂದೊಂದಾಗಿ ಮಾಡಿದೆವು. ಮಂಚ ತಗ್ಗಾಗಿತ್ತು. ಕೂತಾಗ ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬಾರದು, ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಬಡಿಗೇರರು ಗುಳಿ ತೋಡಿದ ಕಟ್ಟಿಗೆ ತುಂಡುಗಳನ್ನು ಮಂಚದ ಕಾಲಿಗೆ ಕೂಡಿಸಿಕೊಟ್ಟರು. ಬರೀ ಇಟ್ಟಿಗೆ ಇಟ್ಟರೆ ಸರಿಯುತ್ತದೆ. ವಾಕರಿನ ಎತ್ತರವನ್ನೂ ಸರಿಮಾಡಿದೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕಿರಬೇಕು. ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಒಳ್ಳೆಯ ಕಾಲು.

ನಡೆಯುವ ದಾರಿಯಲ್ಲಿ ಹಾಸಿದ್ದ ಕೌದಿ, ಚಾಪೆ ತೆಗೆದೆವು. ರಾತ್ರಿಯಿಡೀ ಒಂದು ಸಣ್ಣ ಬಲ್ಬು ಉರಿಯಬಿಟ್ಟೆವು. ಬಚ್ಚಲಲ್ಲಿ ಪಾಚಿ ತಿಕ್ಕಿ ತೆಗೆದು, ಗೋಡೆಗೆ ಕಬ್ಬಿಣದ ಪೈಪು ಹಿಡಿಕೆ ಹಾಕಿಸಿ ಸಿಮೆಂಟು ಮಾಡಿಸಿದೆವು. ನಳ, ಟವೆಲ್ ರಾಡು ಹಿಡಿದು ಏಳಬಾರದು, ಕಿತ್ತು ಬರುತ್ತವೆ. ಕರೆಯಲಿಕ್ಕೆ ದೇವರ ಮನೆಯ ಹಳೇ ಗಂಟೆಯನ್ನು ಅವ್ವನ ತಲೆದಿಂಬಿನ ಹತ್ತಿರ ಇಟ್ಟೆವು.

ಅವ್ವ ಹಿತ್ತಲ ತನಕ ನಡೆಯುವಂತಾದ ಮೇಲೆ, ಅದೇ ಕುರ್ಚಿಯ ಪಾತ್ರೆ ತೆಗೆದು ಪಾಯಖಾನೆಯ ಗುಂಡಿಯ ಮೇಲೆ ನಿಲ್ಲಿಸಿದೆವು.

ಇದನ್ನೆಲ್ಲ ಆಪರೇಷನ್ನಿಗೆ ಮುಂಚೆ, ಇಲ್ಲವೆ ಆಸ್ಪತ್ರೆಯಲ್ಲಿ ಇದ್ದ ಆರು ದಿನಗಳಲ್ಲೇ ಮಾಡಬಹುದಿತ್ತು. ನಿಮ್ಮ ಮನೆಯಲ್ಲಿ ಇಂಥ ದಿನ ಬಂದರೆ, ಹಾಸಿಗೆಯಿಂದ ಪಾಯಖಾನೆ ತನಕ ಒಮ್ಮೆ ನೀವೇ ವಾಕರ್ ಹಿಡಿದು ನಡೆದು ನೋಡಿ. ಬಿಪಿಎಲ್ ಮನೆಯ 60 ದಾಟಿದವರಿಗೆ ವಾಕರ್, ಗಾಲಿಕುರ್ಚಿ ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಶುರುವಾಗಿದೆ. ಕೊಡುವುದು ಶಿಬಿರಗಳಲ್ಲಿ, ಹಾಗಾಗಿ ಅದನ್ನೇ ನಂಬಿ ಕೂರಬೇಡಿ. ಪಂಚಾಯಿತಿಯಲ್ಲಿ ವಿಚಾರಿಸಿಡಿ.

ನಮ್ಮ ಕುರ್ಚಿ ಈಗ ಓಣಿಯ ಮೂರನೇ ಮನೆಯಲ್ಲಿದೆ. ಒಯ್ಯಲು ಬಂದವರನ್ನು ಅವ್ವ ಮೊದಲು ಕೇಳುವುದು ಒಂದೇ ಮಾತು:

“ಆಕಿ ನೀರು ಕುಡಿಯಾಕತ್ತಾಳೇನು, ನೋಡೀರಿಲ್ಲೋ?”