ಒಲೆಯಿಂದ ಕೊಳವೆಬಾವಿಯವರೆಗೆ

ಮನೆಯೊಳಗಿನ ಆಹಾರ, ಉಡುಪು, ಶಿಶುಪಾಲನೆ, ನೈರ್ಮಲ್ಯ, ಹಣದ ವಿನಿಯೋಗ ಇವೆಲ್ಲವನ್ನೂ ರಸಾಯನಶಾಸ್ತ್ರ, ಶರೀರಶಾಸ್ತ್ರ ಮತ್ತು ಅರ್ಥಶಾಸ್ತ್ರಗಳ ಬೆಳಕಿನಲ್ಲಿ ಪರಿಶೀಲಿಸುವ ಶಾಸ್ತ್ರಕ್ಕೆ ಗೃಹವಿಜ್ಞಾನವೆಂದು ಹೆಸರು. ಆಡುಮಾತಿನಲ್ಲಿ ಮಾತ್ರ ಅದು ಬಹುಕಾಲ ‘ಅಡುಗೆ ಕ್ಲಾಸು’ ಆಗಿಯೇ ಉಳಿಯಿತು. ಗಣಿತವನ್ನೋ ಭೌತಶಾಸ್ತ್ರವನ್ನೋ ಕಲಿಸುವವರಿಗೆ ಸಿಗುತ್ತಿದ್ದ ಗೌರವ ಅದನ್ನು ಕಲಿಸುವವರಿಗೆ ಸುಲಭವಾಗಿ ಸಿಗಲಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸುತ್ತಿನಲ್ಲಿ ದಶಕಗಳ ಕಾಲ ಈ ವಿಷಯವನ್ನು ಬೋಧಿಸಿ, ಸಂಜೆಯ ಹೊತ್ತನ್ನೂ ರಜಾದಿನಗಳನ್ನೂ ಅಂಗನವಾಡಿ, ಮಹಿಳಾ ಸಮಾಜ, ಸ್ತ್ರೀಶಕ್ತಿ ಸಂಘಗಳಿಗೆ ಕೊಟ್ಟ ಶಿಕ್ಷಕಿಯ ಬದುಕನ್ನು ಗಮನಿಸಿದರೆ, ಆ ಅಡ್ಡಹೆಸರು ಎಷ್ಟು ಅನ್ಯಾಯದ್ದೆಂಬುದು ತಿಳಿಯುತ್ತದೆ. ಅವರ ಪಾಠ ಪಕ್ವವಾಗುವುದು ಕೊನೆಯ ಗಂಟೆ ಹೊಡೆದ ಮೇಲೆ, ಊರಿನ ನೆಲವೂ ನೀರೂ ಅದನ್ನು ಪರೀಕ್ಷೆಗೆ ಒಡ್ಡಿದಾಗ.

ಈ ಶಾಸ್ತ್ರದ ಮೂಲವನ್ನು ಹುಡುಕುತ್ತ ಹೋದರೆ ಅಡುಗೆಮನೆಗಿಂತ ಮೊದಲು ನೀರಿನ ಪ್ರಯೋಗಶಾಲೆ ಎದುರಾಗುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ. 1899ರಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ಗೃಹವಿಜ್ಞಾನದ ಮೊದಲ ಸಮ್ಮೇಳನವನ್ನು ನಡೆಸಿದವರಲ್ಲಿ ಮುಖ್ಯರಾದ ಎಲೆನ್ ಸ್ವಾಲೋ ರಿಚರ್ಡ್ಸ್ ಮೂಲತಃ ರಸಾಯನವಿಜ್ಞಾನಿ; ಮ್ಯಾಸಚೂಸೆಟ್ಸ್ ರಾಜ್ಯದ ಕುಡಿಯುವ ನೀರಿನ ಸಾವಿರಾರು ಮಾದರಿಗಳ ವಿಶ್ಲೇಷಣೆಯಲ್ಲಿ ದುಡಿದವರು. ಭಾರತದಲ್ಲಿ 1932ರಲ್ಲಿ ದೆಹಲಿಯ ಲೇಡಿ ಇರ್ವಿನ್ ಕಾಲೇಜು ಆರಂಭವಾಗಿ ವಿಷಯಕ್ಕೆ ನೆಲೆ ದೊರೆಯಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಪ್ರಾರಂಭವಾದ ಮೇಲೆ ಗ್ರಾಮಸೇವಿಕೆಯೆಂಬ ಹೊಸ ಹುದ್ದೆ ಹುಟ್ಟಿ, ಹೊಗೆಯಿಲ್ಲದ ಒಲೆ, ಕೈತೋಟ, ಮಗುವಿನ ಆಹಾರ ಇವುಗಳ ಮಾತು ಹಳ್ಳಿಯ ಜಗಲಿಯನ್ನು ತಲುಪಿತು. ಶಿಕ್ಷಕಿಯ ಸ್ವಯಂಸೇವೆ, ಅಂದರೆ ಸಂಬಳದ ಹಂಗಿಲ್ಲದೆ ಊರಿಗಾಗಿ ಮಾಡುವ ಕೆಲಸ, ಆ ಗ್ರಾಮಸೇವಿಕೆಯರು ತುಳಿದ ಹಾದಿಯಲ್ಲೇ ಮುಂದುವರಿಯಿತು.

ಪಠ್ಯಪುಸ್ತಕ ಹೇಳುವ ಸಮತೋಲನ ಆಹಾರ, ಎಂದರೆ ದೇಹಕ್ಕೆ ಬೇಕಾದ ಎಲ್ಲ ಪೋಷಕಾಂಶಗಳೂ ತಕ್ಕ ಪ್ರಮಾಣದಲ್ಲಿರುವ ಊಟ, ಹಾಲು, ಮೊಟ್ಟೆ, ಹಣ್ಣುಗಳ ಬಣ್ಣದ ಚಿತ್ರವಾಗಿ ಗೋಡೆಯ ಮೇಲೆ ತೂಗುತ್ತಿದ್ದಾಗ, ಎದುರಿಗೆ ಕುಳಿತ ಹುಡುಗಿಯರು ಬೆಳಿಗ್ಗೆ ಉಂಡು ಬಂದದ್ದು ರಾಗಿಮುದ್ದೆ ಮತ್ತು ಸೊಪ್ಪಿನ ಸಾರು. ಈ ಊಟವನ್ನು ಬಡವರ ಊಟವೆಂದು ನಾಚಿಕೆಯಿಂದ ಹೇಳಿಕೊಳ್ಳುವ ಕಾಲವೊಂದಿತ್ತು. ಅದಕ್ಕೆ ಶಿಕ್ಷಕಿ ಕೊಡುವ ಉತ್ತರ ಅಂಕಿಗಳದ್ದು: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ 120ರಷ್ಟು, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ರಾಗಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ, ಅಂದರೆ ಪ್ರೋಟೀನನ್ನು ಕಟ್ಟುವ ಇಟ್ಟಿಗೆಗಳಲ್ಲೊಂದು, ಕಡಿಮೆ. ಅವರೆ, ಹುರುಳಿ, ಅಲಸಂದೆಗಳಲ್ಲಿ ಅದೇ ಹೆಚ್ಚು. ಹೀಗಾಗಿ ಪುಷ್ಯದ ಚಳಿಯಲ್ಲಿ ಸೊಗಡಿನ ಅವರೆಯನ್ನು ನೆನೆಸಿ, ಸಿಪ್ಪೆ ಹಿಸುಕಿ ತೆಗೆದು, ಹಿತಕಿದಬೇಳೆ ಸಾರು ಮಾಡಿ ಮುದ್ದೆಯೊಡನೆ ಉಣ್ಣುವ ಕೋಲಾರದ ಮನೆ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಕೊಳ್ಳುತ್ತಲೇ ಬಂದಿದೆ. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುವ ಅಣ್ಣೆ, ಗೋಣಿ, ಹೊನಗೊನ್ನೆಗಳನ್ನು ಆಯ್ದು ತಂದು ಮಾಡುವ ಬೆರಕೆಸೊಪ್ಪಿನ ಮಸ್ಸೊಪ್ಪಿಗೂ ಇದೇ ಮಾತು ಸಲ್ಲುತ್ತದೆ. ಅಜ್ಜಿಯ ಕೈಯಲ್ಲಿದ್ದ ತಿಳಿವಳಿಕೆಗೆ ಮೊಮ್ಮಗಳ ಪುಸ್ತಕದಲ್ಲಿ ಕಾರಣ ದೊರೆತಾಗ ಆ ಹುಡುಗಿ ತನ್ನ ಮನೆಯ ತಟ್ಟೆಯನ್ನು ನೋಡುವ ಬಗೆಯೇ ಬದಲಾಗುತ್ತದೆ. ಶಿಕ್ಷಣಕ್ಕೆ ಇದಕ್ಕಿಂತ ದೊಡ್ಡ ಫಲವನ್ನು ಕೇಳುವುದು ಕಷ್ಟ.

ಅಂಗನವಾಡಿಯಲ್ಲಿ ಈ ಅಂಕಿಗಳು ಕೈಕೆಲಸವಾಗಬೇಕು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಕೇಂದ್ರಗಳಿಗೆ ಬರುವ ತಾಯಂದಿರಿಗೆ ಶಿಕ್ಷಕಿ ಮೊದಲು ತೋರಿಸುವುದು ರಾಗಿಯನ್ನು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸುವ ಕ್ರಮವನ್ನು. ಮೊಳೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುವುದರಿಂದ, ಆ ಹಿಟ್ಟಿನ ಸರಿ ಗಟ್ಟಿಯಾಗದೆ ತೆಳ್ಳಗೇ ಉಳಿಯುತ್ತದೆ. ಹೊಟ್ಟೆ ಚಿಕ್ಕದಾದ ಕೂಸಿಗೆ ಅದೇ ಒಂದು ಬಟ್ಟಲಿನಲ್ಲಿ ಹೆಚ್ಚು ಹಿಟ್ಟನ್ನು, ಅಂದರೆ ಹೆಚ್ಚು ಶಕ್ತಿಯನ್ನು ಉಣಿಸಬಹುದು. ಮುಳಬಾಗಿಲು, ಶ್ರೀನಿವಾಸಪುರಗಳ ಗಡಿ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಪುಸ್ತಕದ ‘ಕಬ್ಬಿಣಾಂಶ’ ಅಲ್ಲಿ ‘ಇನುಮು’ ಆದಾಗಲೇ ತಾಯಿಯ ಕಿವಿಗೆ ಬೀಳುತ್ತದೆ. ಊಟದ ಹಿಂದೆಯೇ ಟೀ ಕುಡಿದರೆ ಆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ಸಾರಿಗೆ ನಿಂಬೆ ಹಿಂಡಿದರೆ ಹೆಚ್ಚುತ್ತದೆ ಎಂಬ ಮಾತು ರಕ್ತಹೀನತೆಯ ಮಾತ್ರೆಗಳಷ್ಟೇ ಮುಖ್ಯವಾದದ್ದು.

ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಸ್ತ್ರೀಶಕ್ತಿ ಸಂಘಗಳಿಗೆ ಬೇಕಾಗುವುದು ಇನ್ನೊಂದು ಬಗೆಯ ಪಾಠ. ತೋತಾಪುರಿಯ ಬೆಲೆ ಕುಸಿದ ವರ್ಷ ಹಣ್ಣನ್ನು ಸ್ಕ್ವಾಷ್ ಮಾಡಿಟ್ಟರೆ ನಷ್ಟ ತುಸುವಾದರೂ ತಗ್ಗುತ್ತದೆ; ಆದರೆ ಅಂಗಡಿಯಲ್ಲಿ ಕೆ.ಎಂ.ಎಸ್. ಎಂದು ಕೇಳಿ ತರುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟನ್ನು ಲೀಟರಿಗೆ ಅರ್ಧ ಗ್ರಾಮಿನ ಸುತ್ತಮುತ್ತ ತೂಗಿಯೇ ಹಾಕಬೇಕು, ಅದೇ ಪುಡಿಯನ್ನು ನೇರಳೆ ಹಣ್ಣಿಗೆ ಹಾಕಿದರೆ ಬಣ್ಣ ಹಾರಿಹೋಗುತ್ತದೆ. ಕಣ್ಣಳತೆಯಲ್ಲೇ ಉಪ್ಪಿನಕಾಯಿ ಹಾಕಿ ಗೆದ್ದ ಹೆಂಗಸರಿಗೆ ತಕ್ಕಡಿಯನ್ನು ಒಪ್ಪಿಸಲು ತಾಳ್ಮೆ ಬೇಕು. ಮಾಲೂರಿನ ಇಟ್ಟಿಗೆಗೂಡುಗಳಿಗೆ ದುಡಿಯಲು ಬಂದು ಕೆಲವೇ ತಿಂಗಳು ನಿಲ್ಲುವ ಕುಟುಂಬಗಳ ನಡುವೆ ಅಷ್ಟು ತಾಳ್ಮೆಗೂ ಸಮಯವಿರುವುದಿಲ್ಲ.

ಇಷ್ಟೆಲ್ಲದರ ಅಡಿಯಲ್ಲಿ ಇರುವುದು ನೀರಿನ ಪ್ರಶ್ನೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆ ಕೆರೆ, ಕಲ್ಯಾಣಿ, ತೆರೆದ ಬಾವಿಗಳನ್ನು ನಂಬಿ ಬಾಳಿತ್ತು. ಅವು ಬತ್ತಿ ಕೊಳವೆಬಾವಿ ಸಾವಿರ ಅಡಿಯನ್ನೂ ಮೀರಿ ಇಳಿದಾಗ, ಬಂಡೆಗಳಿಂದ ಕರಗಿದ ಫ್ಲೋರೈಡ್ ನೀರಿನೊಡನೆ ಮೇಲೆ ಬಂತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಮೀರಿದರೆ ಹಲ್ಲಿನ ಮೇಲೆ ಕಂದು ಪಟ್ಟೆ, ವರ್ಷಗಳು ಕಳೆದಂತೆ ಕೀಲು ಮೂಳೆಗಳ ಬಿಗಿತ, ಇದೇ ಫ್ಲೋರೋಸಿಸ್. ಗೃಹವಿಜ್ಞಾನದ ಪಾಠಗಳಲ್ಲೆಲ್ಲ ಅತ್ಯಂತ ಖಚಿತವಾದದ್ದೆಂದು ಹೇಳಿಕೊಟ್ಟಿದ್ದ ‘ನೀರನ್ನು ಕಾಯಿಸಿ, ಆರಿಸಿ, ಕುಡಿಯಿರಿ’ ಎಂಬ ವಾಕ್ಯ ಇಲ್ಲಿ ಕೈಕೊಡುತ್ತದೆ. ಕುದಿತ ರೋಗಾಣುವನ್ನು ಕೊಲ್ಲುತ್ತದೆ, ಫ್ಲೋರೈಡನ್ನು ಮುಟ್ಟುವುದಿಲ್ಲ. ಲೀಟರಿಗೆ 2 ಮಿಲಿಗ್ರಾಂ ಇದ್ದ ನೀರು ಕಾಲುಭಾಗ ಆವಿಯಾದರೆ ಉಳಿದದ್ದರಲ್ಲಿ ಅದು 2.7ರ ಹತ್ತಿರಕ್ಕೆ ಏರುತ್ತದೆ. ವರ್ಷಗಟ್ಟಲೆ ಕಲಿಸಿದ್ದನ್ನು ಅದೇ ತಾಯಂದಿರ ಮುಂದೆ ನಿಂತು ತಿದ್ದಿಕೊಳ್ಳುವುದು ಸಣ್ಣ ಕೆಲಸವಲ್ಲ. ಹಾಗೆ ತಿದ್ದಿಕೊಂಡ ಶಿಕ್ಷಕಿಯ ಬಗ್ಗೆ ಈ ಬರಹಕ್ಕೆ ಅತಿ ಹೆಚ್ಚಿನ ಗೌರವವಿದೆ.

ತಿದ್ದಿಕೊಂಡ ಪಾಠದಲ್ಲಿ ಹಳೆಯ ರಾಗಿಗೆ ಹೊಸ ಸ್ಥಾನವೊಂದು ಸಿಕ್ಕಿತು. ಆಹಾರದ ಕ್ಯಾಲ್ಸಿಯಂ ಕರುಳಿನಲ್ಲಿ ಫ್ಲೋರೈಡಿನೊಡನೆ ಕೂಡಿ ಅದರ ಹೀರಿಕೆಯನ್ನು ತಗ್ಗಿಸುವುದರಿಂದ, ಅಂಬಲಿ, ಮಜ್ಜಿಗೆ, ಸೊಪ್ಪುಗಳು ಮಕ್ಕಳಿಗೆ ಸ್ವಲ್ಪಮಟ್ಟಿನ ರಕ್ಷಣೆ ಕೊಡುತ್ತವೆ. ಶುದ್ಧ ನೀರಿನ ಬದಲಿಗೆ ಅವು ನಿಲ್ಲಲಾರವು ಎಂಬುದನ್ನೂ ಜತೆಗೇ ಹೇಳಬೇಕಾಗುತ್ತದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ಹಳ್ಳಿಗಳಿಗೆ ಬಂದಿವೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆಯಾದರೂ ಅದು ಅಂತರ್ಜಲವನ್ನು ತುಂಬಲು, ಬಿಂದಿಗೆಯನ್ನು ತುಂಬಲು ಅಲ್ಲ. ಕೃಷಿ ವಿಶ್ವವಿದ್ಯಾಲಯಗಳು ಇತ್ತೀಚೆಗೆ ಗೃಹವಿಜ್ಞಾನ ಪದವಿಯ ಹೆಸರನ್ನು ಸಮುದಾಯ ವಿಜ್ಞಾನ ಎಂದು ಬದಲಿಸಿಕೊಂಡಿವೆ. ಹೊಸಿಲು ದಾಟಿ ಊರಿಗೆ ಬಂದು ಎಷ್ಟೋ ವರ್ಷಗಳಾಗಿದ್ದ ಶಿಕ್ಷಕಿಗೆ ಆ ಹೆಸರು ತಡವಾಗಿಯೇ ತಲುಪಿತು. ನಿವೃತ್ತಿಯ ನಂತರವೂ ಮುಂಗಾರಿನ ಮುಂಚೆ ಅವರಿಗೆ ಬಿಡುವಿರುವುದಿಲ್ಲ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಕೇರಿಯ ಮನೆಮನೆಗೂ ಹೋಗಿ, ತಾರಸಿಯನ್ನು ಗುಡಿಸಿಡಿ, ಮೊದಲ ಮಳೆಯ ನೀರು ಹೊರಗೆ ಹರಿದುಹೋಗಲಿ, ಸಂಪಿನ ಪೈಪನ್ನು ಆಮೇಲೆ ತೆರೆಯಿರಿ, ಅಡುಗೆಗೂ ಕುಡಿಯಲಿಕ್ಕೂ ಬಳಸುವಾಗ ಇದನ್ನು ಮಾತ್ರ ಚೆನ್ನಾಗಿ ಕುದಿಸಿಕೊಳ್ಳಿ ಎಂದು ಹೇಳಿಬರುತ್ತಾರೆ.