ಅಟ್ಟದಿಂದಿಳಿದ ಪರದೆ

ಸುವರ್ಣ ಮಹೋತ್ಸವದ ನಿಮಿತ್ತ ನಮ್ಮ ಶಾಲೆಯ ಹಳೆಯ ಹಂಚಿನ ಕಟ್ಟಡವನ್ನು ದುರಸ್ತಿ ಮಾಡಿಸುವಾಗ ಅಟ್ಟದ ಮೇಲೆ ಒಂದು ಬಟ್ಟೆಯ ಸುರುಳಿ ಸಿಕ್ಕಿತೆಂದೂ, ಬಿಡಿಸಿ ನೋಡಿದರೆ ಅದರಲ್ಲಿ ಮೂವರು ಮಾಟಗಾತಿಯರ ಚಿತ್ರವಿತ್ತೆಂದೂ, ಕೆಳಗಿನ ಮೂಲೆಯಲ್ಲಿ ನನ್ನ ರುಜು ಇದ್ದುದರಿಂದ ಪ್ರದರ್ಶನದಲ್ಲಿ ಇಡಲು ನನ್ನ ಒಪ್ಪಿಗೆ ಬೇಕೆಂದೂ ಸಮಿತಿಯ ತರುಣರು ಮನೆಗೆ ಬಂದು ಕೇಳಿದರು. ಜತೆಗೆ ಸ್ಮರಣ ಸಂಚಿಕೆಗೆ ಆ ಚಿತ್ರದ ಕುರಿತು ನಾಲ್ಕು ಮಾತು ಬರೆದುಕೊಡಬೇಕೆಂಬ ಒತ್ತಾಯವೂ ಸೇರಿತು. ಒಪ್ಪಿಗೆಯ ವಿಚಾರವನ್ನು ಕೊನೆಗೆ ಹೇಳುತ್ತೇನೆ. ಚಿತ್ರದ ವಿಚಾರ ನಾಲ್ಕು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಓದುಗರು ಸ್ವಲ್ಪ ಸಹಿಸಿಕೊಳ್ಳಬೇಕು.

ನಾನು ಈ ಶಾಲೆಗೆ ಚಿತ್ರಕಲಾ ಅಧ್ಯಾಪಕನಾಗಿ ಬಂದ ಆರಂಭದ ವರ್ಷಗಳ ಮಾತು. ಕಾಸರಗೋಡಿನ ಈ ಮೂಲೆಯಲ್ಲಿ ಕನ್ನಡ ಶಾಲೆಯ ವಾರ್ಷಿಕೋತ್ಸವವೆಂದರೆ ಆಗ ಊರಿನ ಹಬ್ಬ. ಆ ವರ್ಷ ಹಿರಿಯ ವಿದ್ಯಾರ್ಥಿಗಳು 'ಮ್ಯಾಕ್‌ಬೆತ್' ನಾಟಕದ ಕೆಲವು ದೃಶ್ಯಗಳನ್ನು ಕನ್ನಡದಲ್ಲಿ ಆಡುವುದೆಂದು ನಿಶ್ಚಯವಾಯಿತು. ಹಿಂಬದಿಯ ಪರದೆಯ ಭಾರ ನನ್ನ ಮೇಲೆ ಬಿತ್ತು. ನನ್ನಲ್ಲಿದ್ದ ಒಂದು ಹಳೆಯ ಚಿತ್ರಕಲಾ ಪುಸ್ತಕದಲ್ಲಿ ಹೆನ್ರಿ ಫ್ಯೂಸೆಲಿ 1783ರಲ್ಲಿ ರಚಿಸಿದ ಮೂವರು ಮಾಟಗಾತಿಯರ ಚಿತ್ರದ ಕಪ್ಪು-ಬಿಳುಪು ಪ್ರತಿ ಇತ್ತು. ಸಾಲಾಗಿ ಮೂರು ಪಾರ್ಶ್ವಮುಖಗಳು, ಮುಂದಕ್ಕೆ ಚಾಚಿದ ಕೈಗಳು, ತುಟಿಯ ಮೇಲೆ ಬೆರಳು. ಆ ವಿನ್ಯಾಸವನ್ನೇ ಕೋರಾ ಬಟ್ಟೆಯ ಮೇಲೆ ದೊಡ್ಡದಾಗಿ ಎತ್ತಿಕೊಂಡೆ. ಆದರೆ ಅಂಗೈಯಗಲದ ಮಸುಕು ಮುದ್ರಣದಿಂದ ಆಳೆತ್ತರದ ಮುಖ ಮೂಡುವುದೆಂತು? ಮಧ್ಯದ ಮುಖಕ್ಕೆ ಜೀವ ಬರಲಿಲ್ಲ.

ಆಗ ಕಿಟಕಿಯಿಂದ ಹೊರಗೆ ನೋಡಿದೆ. ಗೇಟಿನ ಬಳಿಯ ಗೋಳಿಮರದ ಬುಡದಲ್ಲಿ ನೆಲ್ಲಿಕಾಯಿ ಅಜ್ಜಿ ಕುಳಿತಿದ್ದಳು. ಉಪ್ಪುನೀರಿನಲ್ಲಿ ಹಾಕಿದ ನೆಲ್ಲಿಕಾಯಿಯ ಎರಡು ಭರಣಿ, ಕಾಲಕ್ಕೆ ತಕ್ಕಂತೆ ಅಂಬಟೆ, ಪುನರ್ಪುಳಿ, ಕುಂಟಾಲ ಹಣ್ಣು. ಆ ಕಾಲದ ಮಕ್ಕಳು ಅವಳನ್ನು ಮರೆತಿರಲಾರರು. ಹಲ್ಲುದುರಿ ಒಳಸರಿದ ಬಾಯಿ, ಅದರಿಂದಾಗಿ ಬಾಗಿ ಕಾಣುವ ಮೂಗು, ಪೊರೆ ಬಂದ ಒಂದು ಕಣ್ಣು, ಗೂನುಬೆನ್ನು. ಪೆನ್ಸಿಲು ತೆಗೆದುಕೊಂಡು ಅರ್ಧ ಗಂಟೆಯಲ್ಲಿ ಅವಳನ್ನು ಬರೆದುಕೊಂಡೆ. ಅವಳಿಗೆ ತಿಳಿಯಲೇ ಇಲ್ಲ.

ವಾರ್ಷಿಕೋತ್ಸವದ ರಾತ್ರಿ ಪರದೆ ಬಿಚ್ಚಿಕೊಂಡೊಡನೆ ಮುಂದಿನ ಸಾಲಿನ ಹುಡುಗನೊಬ್ಬ "ನೆಲ್ಲಿಕಾಯಿ ಅಜ್ಜಿ!" ಎಂದು ಕೂಗಿದ. ಸಭೆ ನಕ್ಕಿತು. ಹೋಲಿಕೆ ಸಾಧಿಸಿದ ಹೆಮ್ಮೆಯಿಂದ ನಾನೂ ನಕ್ಕೆ.

ಮುಂದಿನದನ್ನು ಬರೆಯುವುದು ಸುಲಭವಲ್ಲ. ಮೊದಲು ಮಕ್ಕಳು ತಮಾಷೆಗೆ ಅವಳನ್ನು ಮಾಟಗಾತಿ ಎಂದರು. ಅನಂತರ ಅವಳಲ್ಲಿ ನೆಲ್ಲಿಕಾಯಿ ತಿಂದ ಮೂರನೆಯ ತರಗತಿಯ ಹುಡುಗನಿಗೆ ಜ್ವರ ಬಂತು. ಮಳೆಗಾಲದ ಮೊದಲ ವಾರ ಯಾವ ಮಗುವಿಗೆ ಜ್ವರ ಬರುವುದಿಲ್ಲ? ಆದರೂ ಮಾತು ಹಬ್ಬಿತು. ಕೆಲವು ತಾಯಂದಿರು ಅವಳ ಬಳಿ ಹೋಗಬಾರದೆಂದು ಮಕ್ಕಳಿಗೆ ತಾಕೀತು ಮಾಡಿದರು. ಒಂದು ದಿನ ಒಬ್ಬ ಹುಡುಗ ಕಲ್ಲು ಬೀಸಿದ. ಭರಣಿಯೊಂದು ಒಡೆಯಿತು. ಅದಾದ ಮೇಲೂ ಕೆಲವು ದಿನ ಅವಳು ಬಂದು ಸಂಜೆ ಇದ್ದುದನ್ನು ಇದ್ದಂತೆಯೇ ಹೊತ್ತುಕೊಂಡು ಹಿಂದಿರುಗುತ್ತಿದ್ದಳು. ಆಮೇಲೆ ಬರಲಿಲ್ಲ.

ಆಗ ನನ್ನನ್ನು ಒಂದು ಪ್ರಶ್ನೆ ಹಿಡಿಯಿತು. ಅವಳನ್ನು ದಿನವೂ ಕಾಣುತ್ತಿದ್ದ ಮಕ್ಕಳು ಪರದೆಯನ್ನು ಒಂದು ರಾತ್ರಿ ಮಾತ್ರ ಕಂಡರು. ಕಣ್ಣೆದುರಿನ ಅಜ್ಜಿಗಿಂತ ಬಟ್ಟೆಯ ಮೇಲಿನ ಅಜ್ಜಿ ಹೆಚ್ಚು ನಿಜವಾದುದು ಹೇಗೆ? ಮಾಟಗಾತಿಯೆಂದರೆ ಹಲ್ಲಿಲ್ಲದ ಬಡ ಮುದುಕಿಯೇ ಆಗಿರಬೇಕೆಂದು ನನ್ನ ಕೈಗೆ ಹೇಳಿಕೊಟ್ಟವರಾರು? ಅಂದಿನಿಂದ ಮಂಗಳೂರಿಗೆ ಹೋದಾಗಲೆಲ್ಲ ಗ್ರಂಥಾಲಯಗಳಲ್ಲಿ ಯುರೋಪಿನ ಚಿತ್ರಕಲೆಯ ಪುಸ್ತಕಗಳನ್ನು ಹುಡುಕುವುದು ನನಗೊಂದು ಗೀಳಾಯಿತು. ಅಪರಾಧಿ ತನ್ನ ಮೊಕದ್ದಮೆಯ ಕಾಗದಪತ್ರ ಹುಡುಕುವಂತೆ ಹುಡುಕಿದೆನೆಂದರೆ ತಪ್ಪಾಗಲಾರದು.

ಕಂಡುಕೊಂಡ ಮೊದಲ ಸಂಗತಿಯೇ ನನ್ನನ್ನು ಬೆರಗುಗೊಳಿಸಿತು. ಆರಂಭದ ಚಿತ್ರಗಳಲ್ಲಿ ಆ ಮುದುಕಿ ಇಲ್ಲ! ಮಾರ್ಟಿನ್ ಲ ಫ್ರಾಂಕ್ ಎಂಬ ಫ್ರೆಂಚ್ ಕವಿಯ ಕಾವ್ಯದ 1451ರ ಹಸ್ತಪ್ರತಿಯ ಅಂಚಿನಲ್ಲಿ ಇಬ್ಬರು ಹೆಂಗಸರು ಹಾರುತ್ತಿದ್ದಾರೆ, ಒಬ್ಬಳು ಪೊರಕೆಯ ಮೇಲೆ, ಮತ್ತೊಬ್ಬಳು ಕೋಲಿನ ಮೇಲೆ. ತಲೆಗೆ ವಸ್ತ್ರ, ಮೈತುಂಬ ಉಡುಪು, ಸಂತೆಗೆ ಹೊರಟ ಗೃಹಿಣಿಯರಂಥ ಮುಖ. ಉಲ್ರಿಚ್ ಮೋಲಿಟರ್ ಎಂಬ ನ್ಯಾಯಶಾಸ್ತ್ರಜ್ಞನ 1489ರ ಗ್ರಂಥ ಮಾಟಗಾತಿಯರ ಕುರಿತು ಚಿತ್ರಸಹಿತ ಅಚ್ಚಾದ ಮೊದಲ ಗ್ರಂಥವೆನ್ನುತ್ತಾರೆ. ಅದರಲ್ಲಿಯೂ ಕೊಪ್ಪರಿಗೆಗೆ ಹುಂಜವನ್ನೂ ಹಾವನ್ನೂ ಹಾಕಿ ಆಲಿಕಲ್ಲಿನ ಮಳೆ ತರಿಸುವವರು ಸಾಮಾನ್ಯ ಪೇಟೆಯ ಹೆಂಗಸರೇ. ಇಲ್ಲೊಂದು ವಿಚಿತ್ರವಿದೆ. ಇವರು ನಿಜವಾಗಿ ಹಾರುವುದಿಲ್ಲ, ಅದೆಲ್ಲ ಸೈತಾನನು ಕಾಣಿಸುವ ಭ್ರಮೆ ಎಂಬುದು ಮೋಲಿಟರನ ವಾದ. ಆದರೆ ಮರದಚ್ಚಿನ ಚಿತ್ರಕ್ಕೆ 'ಭ್ರಮೆ' ಎಂದು ಹೇಳಲು ಬಾರದು. ಹಾರುವುದನ್ನು ತೋರಿಸಬಲ್ಲದು, ಅಷ್ಟೇ. ಓದಲು ಬಾರದವರು ಚಿತ್ರ ನೋಡಿದರು.

ಮುದುಕಿ ಬಂದದ್ದು ಸುಮಾರು 1500ರಲ್ಲಿ, ಅದೂ ಮಹಾಕಲಾವಿದನೊಬ್ಬನ ಕೈಯಿಂದ. ಆಲ್ಬ್ರೆಕ್ಟ್ ಡ್ಯೂರರನ ತಾಮ್ರಪಟದ ಆ ಚಿತ್ರ ಪೋಸ್ಟ್‌ಕಾರ್ಡಿಗಿಂತಲೂ ಚಿಕ್ಕದು. ಬೆತ್ತಲೆ ಮುದುಕಿಯೊಬ್ಬಳು ಆಡಿನ ಮೇಲೆ ಹಿಂದುಮುಂದಾಗಿ ಕುಳಿತು ಗಾಳಿಯಲ್ಲಿ ಸಾಗುತ್ತಿದ್ದಾಳೆ. ಕೂದಲು ಹಾರಬೇಕಾದ ದಿಕ್ಕಿಗೆ ವಿರುದ್ಧವಾಗಿ ಹಾರುತ್ತಿದೆ. ಜೋತ ಸ್ತನ, ತೆರೆದ ಬಾಯಿ. ಈ ಮುದುಕಿಯ ಮೂಲವನ್ನು ವಿದ್ವಾಂಸರು ಇಟಲಿಯ ಮಾಂಟೇನ್ಯನ ಒಂದು ಚಿತ್ರದಲ್ಲಿ ಗುರುತಿಸುತ್ತಾರೆ. ಸಮುದ್ರದೇವತೆಗಳ ಕಾಳಗದ ಆ ಚಿತ್ರದಲ್ಲಿ ಅವಳು ಮಾಟಗಾತಿಯಲ್ಲ, ಅಸೂಯೆಯೆಂಬ ಭಾವದ ಮೂರ್ತರೂಪ. ಇದನ್ನು ಓದಿದ ದಿನ ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತೆ. ಮನುಷ್ಯರೆಲ್ಲರ ಎದೆಯಲ್ಲಿರುವ ಒಂದು ಕೆಟ್ಟ ಭಾವಕ್ಕೆ ಕಲಾವಿದರು ಮುದುಕಿಯ ದೇಹ ಕೊಟ್ಟರು. ಬಳಿಕ ಆ ದೇಹವುಳ್ಳವರೆಲ್ಲರೂ ಆ ಭಾವದ ಹೊಣೆ ಹೊರಬೇಕಾಯಿತು.

ಡ್ಯೂರರನ ಕಾರ್ಯಾಗಾರದಲ್ಲಿ ಕಲಿತ ಹಾನ್ಸ್ ಬಾಲ್ಡುಂಗ್ 1510ರಲ್ಲಿ ಅದನ್ನು ಎರಡು ಅಚ್ಚುಗಳ ಮರದ ಮುದ್ರಣವಾಗಿ ವಿಸ್ತರಿಸಿದ. ಕತ್ತಲ ಕಾಡು, ಆವಿಯುಗುಳುವ ಪಾತ್ರೆ, ಎಲುಬುಗಳು, ಬೆಕ್ಕು, ಮತ್ತೆ ಆಡು. ಕಲೆಯ ದೃಷ್ಟಿಯಿಂದ ಅದ್ಭುತ ಕೃತಿ ಎನ್ನದಿರಲಾರೆ. ಚಿತ್ರಕಾರನಾದವನಿಗೆ ಅದೇ ನೋವು. ಮುಂದೆ ನೂರಾರು ವರ್ಷ ಬಂದ ಚಿತ್ರಗಳೆಲ್ಲ ಬಹುಮಟ್ಟಿಗೆ ಇದರ ಸಂತಾನ. ಅವನ್ನು ಒಂದೊಂದಾಗಿ ಹೆಸರಿಸುವ ಅಗತ್ಯ ಕಾಣೆ.

ಚಿತ್ರಗಳೇ ಕೊಂದವೆಂದು ಹೇಳಿದರೆ ಅತಿಶಯವಾದೀತು. ಕಾನೂನು, ಮಠ, ಬರಗಾಲ, ನೆರೆಹೊರೆಯ ಜಗಳ, ಎಲ್ಲವೂ ಸೇರಿ ಸುಮಾರು ಮೂರು ಶತಮಾನಗಳಲ್ಲಿ ಯುರೋಪಿನಲ್ಲಿ 40ರಿಂದ 60 ಸಾವಿರ ಜನರನ್ನು ಮಾಟದ ಆರೋಪದ ಮೇಲೆ ಕೊಂದವೆಂದು ಇತಿಹಾಸಕಾರರ ಅಂದಾಜು. ಹೆಚ್ಚಿನವರು ಹೆಂಗಸರು. ಆದರೆ ಐಸ್ಲೆಂಡಿನಲ್ಲಿ ಸತ್ತವರಲ್ಲಿ ಬಹುತೇಕರು ಗಂಡಸರು. ಅವರ ಚಿತ್ರ ಯಾರ ನೆನಪಿನಲ್ಲಿಯೂ ಇಲ್ಲ.

ಶಾಲೆಯ ಸಂಚಿಕೆಯಾದುದರಿಂದ ಮಕ್ಕಳ ವಿಷಯವೊಂದನ್ನು ಹೇಳಲೇಬೇಕು. ಫ್ರಾನ್ಸಿನ ಬಾಸ್ಕ್ ಸೀಮೆಯಲ್ಲಿ ವಿಚಾರಣೆ ನಡೆಸಿದ ಪಿಯೆರ್ ದ ಲಾಂಕ್ರ್ ಎಂಬ ನ್ಯಾಯಾಧೀಶನ ಗ್ರಂಥದ 1613ರ ಆವೃತ್ತಿಗೆ ಯಾನ್ ಜಿಯಾರ್ನ್‌ಕೊ ಎಂಬವನು ಮಾಟಗಾತಿಯರ ಜಾತ್ರೆಯ ದೊಡ್ಡ ಚಿತ್ರ ಕೆತ್ತಿದ. ಅದರ ಒಂದು ಮೂಲೆಯಲ್ಲಿ ಪುಟ್ಟ ಮಕ್ಕಳು ಕೋಲು ಹಿಡಿದು ಕೊಳದ ದಡದಲ್ಲಿ ಕಪ್ಪೆಗಳನ್ನು ಕಾಯುತ್ತಿದ್ದಾರೆ, ನಮ್ಮ ಮಕ್ಕಳು ಗದ್ದೆಯ ಬದುವಿನಲ್ಲಿ ಕರು ಕಾಯುವ ಹಾಗೆ. ಗಡಿಯಾಚೆ ಸ್ಪೇನಿನ ಲೋಗ್ರೋನ್ಯೊದಲ್ಲಿ 1610ರಲ್ಲಿ ಆರು ಮಂದಿಯನ್ನು ಜೀವಂತ ಸುಟ್ಟರು. ಅದಾದ ಮೇಲೆ ಸಲಾಜಾರ್ ಎಂಬ ಧರ್ಮನ್ಯಾಯಾಧೀಶನೊಬ್ಬ ಹಳ್ಳಿಹಳ್ಳಿ ತಿರುಗಿ ಸುಮಾರು 1,800 ಜನರ ಹೇಳಿಕೆ ಪಡೆದ. ಬಹುಪಾಲು ಮಕ್ಕಳೇ! ಎಲ್ಲವನ್ನೂ ತೂಗಿ ನೋಡಿ ಅವನು ಮೇಲಧಿಕಾರಿಗಳಿಗೆ ಬರೆದುದರ ಸಾರ ಇಷ್ಟು: ಈ ವಿಷಯವನ್ನು ಆಡುವವರೆಗೆ, ಬರೆಯುವವರೆಗೆ, ಈ ಊರುಗಳಲ್ಲಿ ಮಾಟಗಾತಿಯರೂ ಇರಲಿಲ್ಲ, ಮಾಟಕ್ಕೊಳಗಾದವರೂ ಇರಲಿಲ್ಲ. ನಾನು ಬರೆದಾಗ ನಮ್ಮ ಊರಿನಲ್ಲಿಯೂ ಒಬ್ಬಳು ಹುಟ್ಟಿದಳು.

ಕೆಲವು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಉದ್ಯೋಗದಲ್ಲಿರುವ ಮಗ ನನ್ನನ್ನು ಅಲ್ಲಿಯ ನ್ಯಾಷನಲ್ ಗ್ಯಾಲರಿಗೆ ಕರೆದೊಯ್ದ. ಅಲ್ಲಿ ಫ್ರಾನ್ಸಿಸ್ಕೊ ಗೋಯಾನ ಒಂದು ಸಣ್ಣ ವರ್ಣಚಿತ್ರವಿದೆ. ನನ್ನ ಒಂದು ಮೊಳದಷ್ಟೂ ಎತ್ತರವಿಲ್ಲ. ಒಸುನಾದ ಡ್ಯೂಕ್ ದಂಪತಿಗಳಿಗಾಗಿ ಅವನು 1798ರ ಸುಮಾರಿಗೆ ಬರೆದ, ಮಾಟಕ್ಕೆ ಸಂಬಂಧಿಸಿದ ಆರು ಚಿತ್ರಗಳಲ್ಲಿ ಇದೊಂದು. ಹಳೆಯ ಹಾಸ್ಯನಾಟಕವೊಂದರ ದೃಶ್ಯ. ತನಗೆ ಮಾಟವಾಗಿದೆಯೆಂದೂ, ಒಂದು ದೀಪ ಆರಿದರೆ ತಾನು ಸಾಯುವೆನೆಂದೂ ನಂಬಿದ ಪಾದ್ರಿಯೊಬ್ಬ ಆ ದೀಪಕ್ಕೆ ಎಣ್ಣೆ ಹೊಯ್ಯುತ್ತಿದ್ದಾನೆ. ದೀಪ ಹಿಡಿದವನು ಆಡಿನ ರೂಪದ ಸೈತಾನ. ಪಾದ್ರಿಯ ಒಂದು ಕೈ ಬಾಯಿ ಮುಚ್ಚಿಕೊಂಡಿದೆ, ಕಣ್ಣು ಹೊರಬಿದ್ದಿದೆ. ಇಡೀ ಚಿತ್ರದಲ್ಲಿ ಎದ್ದು ಕಾಣುವುದು ಆ ಹೆದರಿದ ಮುಖ. ಅದೇ ಸರಣಿಯ ಇನ್ನೊಂದು ಚಿತ್ರ ಮ್ಯಾಡ್ರಿಡಿನ ಪ್ರಾಡೋದಲ್ಲಿದೆ. ಅದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದೇನೆ. ಮೇಲೆ ಮೂವರು ಎತ್ತರದ ಮೊನೆಟೊಪ್ಪಿಗೆ ಧರಿಸಿ ಒಬ್ಬ ಮನುಷ್ಯನನ್ನು ಗಾಳಿಯಲ್ಲಿ ಎತ್ತಿದ್ದಾರೆ. ಧರ್ಮನ್ಯಾಯಾಲಯ ಅಪರಾಧಿಗಳ ತಲೆಗೆ ತೊಡಿಸುತ್ತಿದ್ದ ಟೊಪ್ಪಿಗೆಯನ್ನು ಅವು ನೆನಪಿಸುತ್ತವೆ. ಕೆಳಗೆ ಒಬ್ಬ ತಲೆಗೆ ಬಟ್ಟೆ ಮುಸುಕು ಹಾಕಿಕೊಂಡು ಓಡುತ್ತಿದ್ದಾನೆ, ಇನ್ನೊಬ್ಬ ನೆಲಕ್ಕೆ ಬಿದ್ದು ಕಿವಿ ಮುಚ್ಚಿಕೊಂಡಿದ್ದಾನೆ. ಪಕ್ಕದಲ್ಲಿ ಒಂದು ಕತ್ತೆ ನಿಂತಿದೆ.

ಗೋಯಾ ಕೂಡ ಮುದುಕಿಯರನ್ನು ಬಿಟ್ಟವನಲ್ಲ. ಅವನ 1799ರ 'ಕಾಪ್ರಿಚೋಸ್' ಸಂಪುಟದ 80 ಚಿತ್ರಗಳಲ್ಲಿ ಹಲ್ಲಿಲ್ಲದ ಮುಖಗಳು ಬೇಕಾದಷ್ಟಿವೆ. ಆದರೂ ನಾನು ನೋಡಿದವರಲ್ಲಿ ಮಾಟಗಾತಿಯ ಮುಖದಿಂದ ಕುಂಚವನ್ನು ಸರಿಸಿ ಅವಳಿಗೆ ಹೆದರುವವನ ಮುಖದ ಮೇಲೆ ಇಟ್ಟವನು ಅವನು. ಆ ಸಣ್ಣ ಚಿತ್ರದ ಮುಂದೆ ನಿಂತಾಗ ನನಗೆ ಕಂಡದ್ದು ಸ್ಪೇನಿನ ಪಾದ್ರಿಯಲ್ಲ, ಭರಣಿಗೆ ಕಲ್ಲು ಬೀಸಿದ ನಮ್ಮ ಹುಡುಗನ ಮುಖ. ಅವನೂ ಹೆದರಿದ್ದ. "ಅಪ್ಪಾ, ಕಾಲು ನೋಯುತ್ತದೆಯೇ?" ಎಂದು ಮಗ ಕೇಳಿದ. ಹೌದೆಂದೆ.

ಇಷ್ಟು ಹೇಳಿದ ಮೇಲೆ ಒಂದನ್ನು ಮುಚ್ಚಿಡುವುದು ಸರಿಯಲ್ಲ. ಅವಳು ಬರುವುದನ್ನು ನಿಲ್ಲಿಸಿದ ಮೇಲೆ ಒಂದು ಭಾನುವಾರ ಗುಡ್ಡ ಹತ್ತಿ ಅವಳ ಮನೆಗೆ ಹೋಗಿದ್ದೆ. ಎಲ್ಲವನ್ನೂ ಹೇಳಿ ಕ್ಷಮೆ ಕೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮುಳಿಹುಲ್ಲಿನ ಮಾಡು, ಸೆಗಣಿ ಸಾರಿಸಿದ ಜಗಲಿ. ಅವಳು ಬೆಲ್ಲವನ್ನೂ ನೀರನ್ನೂ ತಂದಿಟ್ಟಳು. "ಮಕ್ಕಳು ಈಗ ನನ್ನ ಹತ್ತಿರ ಬರುವುದಿಲ್ಲ ಮಾಷ್ಟ್ರೇ. ನನ್ನ ನೆಲ್ಲಿಕಾಯಿಗೆ ಉಪ್ಪು ಹೆಚ್ಚಾಯಿತೋ ಏನೋ" ಎಂದಳು. ನಾನು ನೀರು ಕುಡಿದೆ. ಉಪ್ಪು ಸರಿಯಾಗಿಯೇ ಇತ್ತೆಂದು ಮಾತ್ರ ಹೇಳಿ ಎದ್ದು ಬಂದೆ. ಮುಂದಿನ ಮಳೆಗಾಲದಲ್ಲಿ ಅವಳು ತೀರಿಕೊಂಡಳೆಂದು ಯಾರೋ ಹೇಳಿದರು.

ಇನ್ನು ಒಪ್ಪಿಗೆಯ ವಿಚಾರ. ಪರದೆಯನ್ನು ಪ್ರದರ್ಶನದಲ್ಲಿ ಇಡಬಹುದು. ಗೆದ್ದಲು ಹಿಡಿದ ಅಂಚನ್ನು ಕತ್ತರಿಸಿದರೂ ಅಡ್ಡಿಯಿಲ್ಲ. ಕೆಳಗೆ ಹಚ್ಚುವ ಚೀಟಿಯಲ್ಲಿ ಮಧ್ಯದ ಮುಖ ಯಾರದೆಂದು ಸ್ಪಷ್ಟವಾಗಿ ಬರೆಯಬೇಕು: ಈ ಶಾಲೆಯ ಗೇಟಿನಲ್ಲಿ ಹಲವು ವರ್ಷ ನೆಲ್ಲಿಕಾಯಿ ಮಾರಿ ಬದುಕಿದ ಹೆಂಗಸು, ಅವಳನ್ನು ಕೇಳದೆ ಬರೆದದ್ದು. ಚೀಟಿಯನ್ನು ನಾನೇ ಬರೆಯಲು ಕುಳಿತೆ. ಅವಳ ಹೆಸರು ನನಗೆ ಗೊತ್ತಿಲ್ಲ. ನಾವೆಲ್ಲ ಅಜ್ಜಿ ಎಂದೇ ಕರೆಯುತ್ತಿದ್ದೆವು. ಆ ಕಾಲದ ಹಳೆಯ ವಿದ್ಯಾರ್ಥಿಗಳಲ್ಲಿ, ಅಥವಾ ಗುಡ್ಡದ ಆಚೆಯ ಮನೆಗಳವರಲ್ಲಿ ಯಾರಿಗಾದರೂ ಅವಳ ಹೆಸರು ತಿಳಿದಿದ್ದರೆ ಪ್ರದರ್ಶನ ಆರಂಭವಾಗುವ ಮೊದಲು ಸಮಿತಿಯವರಿಗೆ ತಿಳಿಸಬೇಕಾಗಿ ಕೋರುತ್ತೇನೆ. ಚೀಟಿಯಲ್ಲಿ ಜಾಗ ಬಿಟ್ಟಿದ್ದೇನೆ.